ಗಾಯದ ಮೇಲೆ ಹಚ್ಚುವ ಆ ಜೆಲ್ ಯಾವುದರಿಂದ ಆಗಿದೆ?

ಎರಡು ವರ್ಷದ ಹಿಂದಿನ ಮಾತು. ರಾತ್ರಿ ದವಾಖಾನೆ ಮುಚ್ಚುವ ಹೊತ್ತಿಗೆ ಒಬ್ಬ ಯುವಕ ಬಂದ. ಅವನ ತಂದೆಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿತ್ತು. ಆಸ್ಪತ್ರೆಯಲ್ಲಿ ಅದನ್ನು ಸ್ವಚ್ಛ ಮಾಡಿ, ಮೇಲೆ ಒಂದು ತೆಳು ಹಾಳೆಯಂಥದ್ದನ್ನು ಅಂಟಿಸಿ ಬ್ಯಾಂಡೇಜ್ ಕಟ್ಟಿದ್ದರು. "ಹಕೀಮ್ ಸಾಹೇಬ್ರೇ, ಅದರಲ್ಲಿ ಕೊಲಾಜೆನ್ ಇದೆಯಂತೆ. ಅದು ಹಂದಿಯದ್ದು ಅಂತ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾರೆ. ಅಬ್ಬ ತೆಗೆದುಬಿಡಿ ಅಂತ ಹಠ ಹಿಡಿದಿದ್ದಾರೆ. ಏನು ಮಾಡಲಿ?" ಎಂದು ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ವಿಚಾರಿಸಿ ಹೇಳುತ್ತೇನೆ" ಎಂದೆ. ಅದೇ ರಾತ್ರಿ ಅವರು ಹಾಳೆಯನ್ನು ಕಿತ್ತು, ಅರಸಿನ ಮತ್ತು ಯಾವುದೋ ಪುಡಿ ತುಂಬಿ, ಹಳೆಯ ಬಟ್ಟೆ ಕಟ್ಟಿದರು. ಕೆಲವು ವಾರಗಳ ನಂತರ ಆ ಬೆರಳನ್ನು ತೆಗೆಯಬೇಕಾಯಿತು. ಹಾಳೆ ಇದ್ದಿದ್ದರೆ ಬೆರಳು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆಯ ಪಾದದಲ್ಲಿ ನರ, ರಕ್ತನಾಳ ಎರಡೂ ಕೆಟ್ಟಿರುತ್ತವೆ. ಆದರೆ ಆ ಯುವಕ ಖಾಲಿ ಪೊಟ್ಟಣವನ್ನು ತಂದು ತೋರಿಸಿದಾಗ ಅದರ ಮೇಲೆಯೇ ಬರೆದಿತ್ತು: ದನದ ಕೊಲಾಜೆನ್. ಯಾರೂ ಓದಿರಲಿಲ್ಲ. ನಾನೂ ಪೊಟ್ಟಣ ತರಲು ಹೇಳಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಓದುತ್ತಾ ಬಂದಿದ್ದೇನೆ. ಇಂಥ ಹಾಳೆಗಳು, ಜೆಲ್‌ಗಳು ಈಗ ಮಾಮೂಲಾಗುತ್ತಿವೆ. ನಾಳೆ ನಿಮ್ಮ ಮನೆಯ ಹಿರಿಯರಿಗೋ ಸುಟ್ಟ ಗಾಯವಾದ ಮಗುವಿಗೋ ವೈದ್ಯರು ಇದನ್ನು ಬರೆದುಕೊಡಬಹುದು. ಅದು ಏನು, ಹೇಗೆ ಮಾಡುತ್ತಾರೆ ಎಂಬುದು ಮೊದಲೇ ತಿಳಿದಿರಲಿ.

ಅಡುಗೆಮನೆಯಿಂದಲೇ ಶುರು ಮಾಡೋಣ. ಇಫ್ತಾರ್‌ನ ಶರಬತ್ತಿಗೆ ನೀವು ಕಾಮಕಸ್ತೂರಿ ಬೀಜ, ಅಂದರೆ ಸಬ್ಜಾ, ನೆನೆಸುತ್ತೀರಿ. ಹತ್ತು ನಿಮಿಷದಲ್ಲಿ ಪ್ರತಿ ಕಪ್ಪು ಕಾಳಿನ ಸುತ್ತ ಗಾಜಿನಂಥ ಲೋಳೆ ಊದಿಕೊಳ್ಳುತ್ತದೆ. ಲೋಟವನ್ನು ಬಗ್ಗಿಸಿದರೂ ಆ ಲೋಳೆ ಕಾಳಿನಿಂದ ಬೇರೆಯಾಗಿ ಹರಿದುಹೋಗುವುದಿಲ್ಲ. ಯುನಾನಿಯಲ್ಲಿ ನಾವು ಇದನ್ನು ಲುಆಬ್ ಎನ್ನುತ್ತೇವೆ. ಇಸಬ್ಗೋಲ್‌ನ ಲುಆಬ್ ಹೊಟ್ಟೆಗೆ, ಬೀಹಿದಾನದ ಲುಆಬ್ ಒಣ ಕೆಮ್ಮಿಗೆ. ಬೀಜದ ಸಿಪ್ಪೆಯಲ್ಲಿರುವ ಉದ್ದುದ್ದ ದಾರದಂಥ ಅಣುಗಳು ನೀರು ಕುಡಿದು ಬಿಚ್ಚಿಕೊಳ್ಳುತ್ತವೆ, ಅಲ್ಲಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಆ ಬಲೆಯೊಳಗೆ ನೀರು ಸೆರೆಯಾಗುತ್ತದೆ. ಹೀಗೆ ದಾರಗಳ ಬಲೆಯಲ್ಲಿ ಸೆರೆಸಿಕ್ಕ ನೀರಿಗೇ ಹೈಡ್ರೋಜೆಲ್ ಎಂದು ಹೆಸರು. ಮಗುವಿನ ಡೈಪರ್‌ನಲ್ಲಿ ಮೂತ್ರವನ್ನು ಹಿಡಿದಿಡುವ ಪುಡಿಯೂ ಅದೇ ಜಾತಿಯದ್ದು.

ಇನ್ನೆರಡನ್ನು ನೋಡಿ. ಚೀನಾ ಘಾಸ್ ಕುದಿಸಿ ಹಾಲಿಗೆ ಹಾಕಿ ಆರಿಸಿದರೆ ಗಟ್ಟಿಯಾಗುತ್ತದೆ. ಅದು ಕಡಲಪಾಚಿಯಿಂದ ಬಂದದ್ದು. ಮೇ ತಿಂಗಳ ಸೆಖೆಯಲ್ಲಿ ಹೊರಗಿಟ್ಟರೂ ಕರಗುವುದಿಲ್ಲ, ಮತ್ತೆ ಕರಗಿಸಲು ಸುಮಾರು 85 ಡಿಗ್ರಿ ಬಿಸಿ ಬೇಕು. ಪಾಯಾ ಸೂಪನ್ನು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಅದೂ ನಡುಗುವ ಗಟ್ಟಿಯಾಗಿರುತ್ತದೆ. ಆದರೆ ಒಂದು ಚಮಚ ಬಾಯಿಗೆ ಹಾಕಿದರೆ ನಾಲಿಗೆಯ ಮೇಲೆಯೇ ನೀರಾಗುತ್ತದೆ. ಕಾಲಿನ ಚರ್ಮ, ಸ್ನಾಯುರಜ್ಜು, ಎಲುಬಿನಲ್ಲಿದ್ದ ಕೊಲಾಜೆನ್ ಗಂಟೆಗಟ್ಟಲೆ ಬೆಂದು ಬಿಡಿಬಿಡಿಯಾಗಿ ಸೂಪಿಗೆ ಇಳಿದಿದೆ. ಅದೇ ಜೆಲಾಟಿನ್. ಈ ಎರಡರ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಹವೂ ಬಹುಪಾಲು ಇಂಥದ್ದೇ. ಜೀವಕೋಶಗಳು ಬರಿಯ ನೀರಿನಲ್ಲಿ ತೇಲುತ್ತಿಲ್ಲ. ಕೊಲಾಜೆನ್ ದಾರಗಳು ಮತ್ತು ನೀರನ್ನು ಹಿಡಿದಿಡುವ ಬೇರೆ ಅಣುಗಳು ಸೇರಿ ಹೆಣೆದ ಒದ್ದೆ ಬಲೆಯಲ್ಲಿ ಅವು ಮನೆ ಮಾಡಿಕೊಂಡಿವೆ. ಮಂಡಿಯ ಎಲುಬಿನ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಯಲ್ಲಿ ಹತ್ತರಲ್ಲಿ ಏಳೆಂಟು ಪಾಲು ನೀರೇ. ಆದರೂ ಅದು ನಾವು ಮೆಟ್ಟಿಲು ಹತ್ತುವಾಗ ಇಡೀ ದೇಹದ ಭಾರವನ್ನು ಹೊರುತ್ತದೆ. ಅಲ್ಲಾಹನ ಈ ಕೆಲಸವನ್ನು ನೋಡಿ ಪ್ರಯೋಗಾಲಯದವರೂ ಬೆರಗಾಗುತ್ತಾರೆ, ಏಕೆಂದರೆ ಅದನ್ನು ನಕಲು ಮಾಡಲು ಅವರು ಇನ್ನೂ ಹೆಣಗುತ್ತಿದ್ದಾರೆ.

ಸಣ್ಣ ಗಾಯವಾದರೆ ದೇಹ ತಾನೇ ಆ ಬಲೆಯನ್ನು ಮತ್ತೆ ಹೆಣೆಯುತ್ತದೆ. ದೊಡ್ಡ ಸುಟ್ಟ ಗಾಯದಲ್ಲಿ, ಆಳದ ಹುಣ್ಣಿನಲ್ಲಿ, ಮನೆಯೇ ಹೋಗಿರುತ್ತದೆ. ಜೀವಕೋಶಗಳಿಗೆ ನಿಲ್ಲಲು ಜಾಗವಿಲ್ಲ. ಆಗ ದೇಹ ಅವಸರದಲ್ಲಿ ಒರಟು ಕಲೆಯನ್ನು ತುಂಬಿ ಮುಗಿಸುತ್ತದೆ, ಇಲ್ಲವೇ ಹುಣ್ಣು ಹಾಗೆಯೇ ಬಾಯಿ ಬಿಟ್ಟುಕೊಂಡಿರುತ್ತದೆ. ಅಲ್ಲಿ ಒಂದು ತಾತ್ಕಾಲಿಕ ಮನೆಯನ್ನು ನಾವೇ ಕಟ್ಟಿಕೊಟ್ಟರೆ ಹೇಗೆ? ಟಿಶ್ಯೂ ಎಂಜಿನಿಯರಿಂಗ್ ಎಂಬ ದೊಡ್ಡ ಹೆಸರಿನ ಹಿಂದಿರುವುದು ಇಷ್ಟೇ ಆಲೋಚನೆ.

ಇಲ್ಲಿ ನನ್ನ ಪದ್ಧತಿಯ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ಹುಣ್ಣನ್ನು ಒಣಗಿಸಬೇಕು ಎಂಬುದು ಜಾಲೀನೂಸ್‌ನ ಕಾಲದಿಂದ ಬಂದ ಪಾಠ, ನಾವೂ ಅದನ್ನೇ ಓದಿದೆವು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಇಂಗ್ಲೆಂಡಿನ ಸಂಶೋಧಕ ಪ್ರಾಣಿಗಳ ಚರ್ಮದ ಮೇಲೆ ಪರೀಕ್ಷಿಸಿ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ತೇವ ಉಳಿಯುವಂತೆ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಬೇಗ ಹರಡುತ್ತದೆ ಎಂದು ತೋರಿಸಿದರು. ಇದು ನಿಜವೆಂದು ನಾನೇ ನೋಡಿ ಒಪ್ಪಿದ್ದೇನೆ. ಗಾಯಕ್ಕೆ ಪುಡಿ ಸುರಿದು ಬಿಸಿಲಿಗೆ ಹಿಡಿಯುವ ಅಭ್ಯಾಸ ನಮ್ಮ ಮನೆಗಳಿಂದ ಹೋಗಬೇಕು.

ಜೆಲ್ ದೇಹಕ್ಕೆ ಹೊಂದುತ್ತದೆ ಎಂದು ಮೊದಲು ತೋರಿಸಿದವರು ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್. 1960ರಲ್ಲಿ ಅವರ ಬರಹ ಪ್ರಕಟವಾಯಿತು. ಮರುವರ್ಷ ಡಿಸೆಂಬರ್‌ನಲ್ಲಿ ವಿಖ್ಟರ್ಲೆ ಮನೆಯಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಜೋಡಿಸಿ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದರು. ಇಂದು ನಿಮ್ಮ ಮಗಳು ಕಣ್ಣಿಗೆ ಹಾಕುವ ಲೆನ್ಸ್ ಆ ಜೆಲ್‌ನ ಮೊಮ್ಮಗು.

ಗಾಯದ ವಿಷಯದಲ್ಲಿ ದೊಡ್ಡ ಹೆಜ್ಜೆ ಬಂದದ್ದು 1981ರಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ. ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ಎಂಜಿನಿಯರ್ ಐಯೊನಿಸ್ ಯಾನಸ್ ಸೇರಿ, ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋಗಿದ್ದ ಹತ್ತು ರೋಗಿಗಳಿಗೆ ಕೃತಕ ಚರ್ಮ ಹಾಕಿದ್ದನ್ನು ವರದಿ ಮಾಡಿದರು. ಅದರಲ್ಲಿ ಎರಡು ಪದರ. ಕೆಳಗೆ ದನದ ಕೊಲಾಜೆನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಒಂದು ವಸ್ತುವನ್ನು ಬೆಸೆದು ಮಾಡಿದ, ಸಣ್ಣ ಸಣ್ಣ ರಂಧ್ರಗಳ ಸ್ಪಂಜು. ಮೇಲೆ ನೀರು ಆರದಂತೆ, ಸೋಂಕು ಒಳಹೋಗದಂತೆ ತಡೆಯುವ ಸಿಲಿಕೋನ್ ಹಾಳೆ. ರೋಗಿಯ ಸ್ವಂತ ಜೀವಕೋಶಗಳೂ ರಕ್ತನಾಳಗಳೂ ಸ್ಪಂಜಿನೊಳಗೆ ನುಗ್ಗಿ ನೆಲೆಸುತ್ತವೆ. ಎರಡು ಮೂರು ವಾರದ ನಂತರ ಸಿಲಿಕೋನ್ ಸುಲಿದು ತೀರಾ ತೆಳುವಾದ ಚರ್ಮದ ಕಸಿ ಹಾಕುತ್ತಾರೆ. ಇಂಟೆಗ್ರಾ ಎಂಬ ಹೆಸರಿನಲ್ಲಿ 1996ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಗಮನಿಸಿ, ಅದು ಒಂದೇ ವಸ್ತುವಿನಿಂದ ಆದದ್ದಲ್ಲ. ದನ, ಮೀನು, ಕಾರ್ಖಾನೆಯ ಸಿಲಿಕೋನ್ ಮೂರೂ ಇವೆ. ಇದನ್ನೇ ಹೈಬ್ರಿಡ್ ಎನ್ನುವುದು. ಒಂದೇ ವಸ್ತು ಏಕೆ ಸಾಲದು?

ಜೀವಕೋಶಕ್ಕೆ ಮನೆ ಕಟ್ಟುವವನ ಮುಂದೆ ಮೂರು ಬೇಡಿಕೆಗಳಿವೆ, ಮೂರೂ ಒಂದರೊಡನೊಂದು ಜಗಳವಾಡುತ್ತವೆ. ಮೊದಲನೆಯದು ಹಿಡಿಕೆ. ಬಸ್ಸಿನಲ್ಲಿ ನಿಂತವನಿಗೆ ಮೇಲಿನ ಕಂಬಿ ಬೇಕಾದಂತೆ ಜೀವಕೋಶಕ್ಕೂ ಹಿಡಿದುಕೊಳ್ಳಲು ಏನಾದರೂ ಬೇಕು. ಕೊಲಾಜೆನ್ ಮತ್ತು ಜೆಲಾಟಿನ್‌ನಲ್ಲಿ ಅಂಥ ಹಿಡಿಕೆಗಳು ಹುಟ್ಟಿನಿಂದಲೇ ಇವೆ. ಕಡಲಪಾಚಿಯ ಆಲ್ಜಿನೇಟ್‌ನಲ್ಲಿ ಇಲ್ಲ, ಕಾರ್ಖಾನೆಯಲ್ಲಿ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲೂ ಇಲ್ಲ. ಅವುಗಳ ಮೇಲೆ ಜೀವಕೋಶ ಜಾರಿ ಉಂಡೆಯಾಗಿ ಕುಳಿತುಬಿಡುತ್ತದೆ.

ಎರಡನೆಯದು ಗಟ್ಟಿತನ. ಇದು ಬರಿಯ ಬಲದ ಪ್ರಶ್ನೆಯಲ್ಲ. 2006ರಲ್ಲಿ ಅಮೆರಿಕದ ಸಂಶೋಧಕರು ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಗಟ್ಟಿತನದ ಜೆಲ್‌ಗಳ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಅವು ನರಕೋಶದ ಕಡೆಗೆ ವಾಲಿದವು, ಸ್ನಾಯುವಿನಷ್ಟು ಬಿಗಿಯಾದದ್ದರ ಮೇಲೆ ಸ್ನಾಯುವಿನ ಕಡೆಗೆ, ಇನ್ನೂ ಗಟ್ಟಿಯಾದದ್ದರ ಮೇಲೆ ಎಲುಬಿನ ಕಡೆಗೆ. ಕೋಶ ತಾನು ಏನಾಗಬೇಕೆಂದು ನಿರ್ಧರಿಸುವಾಗ ಕಾಲ ಕೆಳಗಿನ ನೆಲವನ್ನೂ ಒತ್ತಿ ನೋಡುತ್ತದೆ ಎಂದಾಯಿತು. ಆದ್ದರಿಂದ ಚರ್ಮಕ್ಕೊಂದು, ಮೃದ್ವಸ್ಥಿಗೊಂದು, ಹೃದಯಕ್ಕೊಂದು ಹದ ಬೇಕು. ನೀರು ಹೆಚ್ಚಾದರೆ ಕೋಶಕ್ಕೆ ಆಹಾರ, ಗಾಳಿ ಸುಲಭವಾಗಿ ತಲುಪುತ್ತದೆ, ಆದರೆ ಜೆಲ್ ಹರಿಯುತ್ತದೆ. ಬಲೆಯನ್ನು ಬಿಗಿ ಮಾಡಿದರೆ ಜೆಲ್ ನಿಲ್ಲುತ್ತದೆ, ಕೋಶ ಉಸಿರುಗಟ್ಟುತ್ತದೆ.

ಮೂರನೆಯದು ಕರಗುವ ಕಾಲ. ಮನೆಗೆ ಆರ್‌ಸಿಸಿ ಚಾವಣಿ ಹಾಕಿಸಿದವರಿಗೆ ಸೆಂಟ್ರಿಂಗ್ ಗೊತ್ತಿದೆ. ಕಾಂಕ್ರೀಟ್ ಬಿಗಿಯುವ ಮೊದಲೇ ಹಲಗೆ ತೆಗೆದರೆ ಚಾವಣಿ ಕೆಳಗೆ ಬರುತ್ತದೆ, ತೆಗೆಯದೇ ಬಿಟ್ಟರೆ ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಜೆಲ್ ಕೂಡ ಹಾಗೆ. ಹೊಸ ಅಂಗಾಂಶ ಬೆಳೆದಂತೆಲ್ಲ ಅದು ಕರಗಿ ಜಾಗ ಬಿಟ್ಟುಕೊಡಬೇಕು, ಕರಗಿದ ಪದಾರ್ಥ ವಿಷವಾಗಿರಬಾರದು.

ಈಗ ಪಾಯಾ ಮತ್ತು ಚೀನಾ ಘಾಸ್ ನೆನಪು ಮಾಡಿಕೊಳ್ಳಿ. ಜೆಲಾಟಿನ್‌ನಲ್ಲಿ ಹಿಡಿಕೆ ಇದೆ, ಆದರೆ ಮೈಯ 37 ಡಿಗ್ರಿ ಬಿಸಿಗೆ ನೀರಾಗುತ್ತದೆ. ಕಡಲಪಾಚಿಯ ವಸ್ತು ಆ ಬಿಸಿಗೆ ಜಗ್ಗುವುದಿಲ್ಲ, ಆದರೆ ಹಿಡಿಕೆ ಇಲ್ಲ. ಎರಡನ್ನೂ ಕೂಡಿಸಿ ನೋಡೋಣ ಎಂದು ಯಾವ ಗೃಹಿಣಿಗೂ ಹೊಳೆಯುತ್ತದೆ, ವಿಜ್ಞಾನಿಗಳೂ ಅದನ್ನೇ ಮಾಡಿದರು. ಅಂಗಾಂಶವನ್ನು ಪದರ ಪದರವಾಗಿ ಮುದ್ರಿಸುವ ಯಂತ್ರಗಳಲ್ಲಿ ಬಳಸುವ ಶಾಯಿಗಳಲ್ಲಿ ಆಲ್ಜಿನೇಟ್ ಮತ್ತು ಜೆಲಾಟಿನ್ ಮಿಶ್ರಣ ಸಾಮಾನ್ಯವಾದದ್ದು. ಮುದ್ರಿಸಿದ ಮೇಲೆ ಕ್ಯಾಲ್ಸಿಯಂ ದ್ರಾವಣ ಹಾಕಿದರೆ ಆಲ್ಜಿನೇಟ್ ದಾರಗಳ ನಡುವೆ ಕ್ಯಾಲ್ಸಿಯಂ ಗುಂಡಿಯಂತೆ ಕೂತು ಗಂಟು ಬೀಳುತ್ತದೆ.

ಇನ್ನೊಂದು ದಾರಿಯೂ ಇದೆ. ಜೆಲಾಟಿನ್ ಅಣುವಿಗೇ ಬೆಳಕು ತಾಗಿದರೆ ಬೆಸೆದುಕೊಳ್ಳುವ ಕೊಂಡಿಗಳನ್ನು ಜೋಡಿಸುತ್ತಾರೆ. ದ್ರವವಾಗಿದ್ದಾಗ ಜೀವಕೋಶಗಳನ್ನು ಕಲಸಿ, ಗಾಯದ ಆಕಾರಕ್ಕೆ ತುಂಬಿ, ಮೇಲೆ ಬೆಳಕು ಹಾಯಿಸಿದರೆ ಕ್ಷಣಗಳಲ್ಲಿ ಅಲ್ಲೇ ಗಟ್ಟಿಯಾಗುತ್ತದೆ. ದಂತವೈದ್ಯರು ಹಲ್ಲಿಗೆ ಸಿಮೆಂಟು ತುಂಬಿ ನೀಲಿ ಬೆಳಕು ಹಿಡಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಎಷ್ಟು ಕೊಂಡಿ, ಎಷ್ಟು ಹೊತ್ತು ಬೆಳಕು ಎಂಬುದರ ಮೇಲೆ ಗಟ್ಟಿತನವನ್ನು ಹದ ಮಾಡಬಹುದು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾನಿಲಯದಲ್ಲಿ ಜಿಯಾನ್ ಪಿಂಗ್ ಗಾಂಗ್ ಮತ್ತು ಸಂಗಡಿಗರು 2003ರಲ್ಲಿ ಮಾಡಿದ್ದು ಇನ್ನೂ ಜಾಣತನದ್ದು. ಗಟ್ಟಿಯಾದರೂ ಬೇಗ ಮುರಿಯುವ ಒಂದು ಬಲೆ, ಅದರೊಳಗೆ ಸಡಿಲವಾಗಿ ಹಿಗ್ಗುವ ಇನ್ನೊಂದು ಬಲೆ. ಎಳೆದಾಗ ಮೊದಲ ಬಲೆ ಅಲ್ಲಲ್ಲಿ ತುಂಡಾಗಿ ಏಟನ್ನು ತಾನು ತಿನ್ನುತ್ತದೆ, ಎರಡನೆಯದು ಹರಿಯದೆ ಹಿಡಿದುಕೊಳ್ಳುತ್ತದೆ. ಬಹುಪಾಲು ನೀರೇ ಇರುವ ಜೆಲ್ ಹೀಗೆ ಮಂಡಿಯ ಮೃದ್ವಸ್ಥಿಯ ಬಲಕ್ಕೆ ಹತ್ತಿರ ಬಂತು.

ಹಾಗಾದರೆ ಕಿಡ್ನಿ, ಯಕೃತ್ತನ್ನೂ ಹೀಗೆಯೇ ಮಾಡಿಬಿಡಬಹುದೇ? ಇಲ್ಲ. "ಅಂಗವನ್ನೇ ಮುದ್ರಿಸಿದರು" ಎಂದು ಬರುವ ಸುದ್ದಿಗಳನ್ನು ಅರ್ಧ ನಂಬಿ. ಜೀವಕೋಶ ಬದುಕಬೇಕಾದರೆ ಸಾಮಾನ್ಯವಾಗಿ ಒಂದೆರಡು ಕೂದಲೆಳೆಯ ದಪ್ಪದಷ್ಟು ಹತ್ತಿರದಲ್ಲಿ ರಕ್ತನಾಳ ಇರಬೇಕು. ದಪ್ಪನೆಯ ಜೆಲ್‌ನ ನಡುವಿನ ಕೋಶಗಳು ರಕ್ತ ತಲುಪುವ ಮೊದಲೇ ಸಾಯುತ್ತವೆ. ಚರ್ಮ ತೆಳು, ಮೃದ್ವಸ್ಥಿಯಲ್ಲಿ ರಕ್ತನಾಳವೇ ಇಲ್ಲ, ಕಣ್ಣಿನ ಕಾರ್ನಿಯಾದಲ್ಲೂ ಇಲ್ಲ. ಆದ್ದರಿಂದಲೇ ಈ ವಿದ್ಯೆ ಅಲ್ಲಿ ಮುಂದಿದೆ, ಉಳಿದೆಡೆ ಹಿಂದಿದೆ.

ಇನ್ನು ಆ ಯುವಕನ ಪ್ರಶ್ನೆ. ಈ ವಸ್ತುಗಳ ಮೂಲ ಬಗೆಬಗೆಯದ್ದು. ಆಲ್ಜಿನೇಟ್ ಕಡಲಪಾಚಿಯದ್ದು, ಕೈಟೊಸಾನ್ ಸಿಗಡಿ ಮತ್ತು ಏಡಿಯ ಚಿಪ್ಪಿನದ್ದು. ಹಯಲುರಾನಿಕ್ ಆ್ಯಸಿಡ್ ಮೊದಲು ಕೋಳಿಹುಂಜದ ಜುಟ್ಟಿನಿಂದ ಬರುತ್ತಿತ್ತು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುತ್ತಾರೆ. ಪಾಲಿಎಥಿಲೀನ್ ಗ್ಲೈಕಾಲ್ ಪೂರ್ತಿ ರಾಸಾಯನಿಕ. ಕೊಲಾಜೆನ್ ಮತ್ತು ಜೆಲಾಟಿನ್ ಮಾತ್ರ ದನ, ಹಂದಿ, ಮೀನು ಯಾವುದರಿಂದಲೂ ಬಂದಿರಬಹುದು. ಹಂದಿಯ ಮೂಲದವು ಇರುವುದು ನಿಜ. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆ ಅಭಿವೃದ್ಧಿಪಡಿಸಿ 2023ರಲ್ಲಿ ಅನುಮತಿ ಪಡೆದ ಕೊಲೆಡರ್ಮ್ ಎಂಬ ಗಾಯದ ಹಾಳೆ ಹಂದಿಯ ಪಿತ್ತಕೋಶದಿಂದ ಆದದ್ದು. ಆ ಸಂಸ್ಥೆ ಅದನ್ನು ಮುಚ್ಚಿಟ್ಟಿಲ್ಲ, ಹೇಳಿಯೇ ಇದೆ. ಇನ್ನೊಂದು, ಕೇಳಿ ಆಶ್ಚರ್ಯಪಡುವಿರಿ: ಅಮೆರಿಕದಲ್ಲಿ ಕಾಲಿನ ಹುಣ್ಣುಗಳಿಗೆ 1998ರಲ್ಲಿ ಒಪ್ಪಿಗೆ ಪಡೆದ ಅಪ್ಲಿಗ್ರಾಫ್ ಎಂಬ ಜೀವಂತ ಚರ್ಮದ ಹಾಳೆಯಲ್ಲಿ ದನದ ಕೊಲಾಜೆನ್ ಜೆಲ್ ಇದೆ, ಅದರೊಳಗಿನ ಮನುಷ್ಯಕೋಶಗಳು ನವಜಾತ ಗಂಡುಮಕ್ಕಳ ಖತ್ನಾದಲ್ಲಿ ತೆಗೆದ ಚರ್ಮದಿಂದ ಬೆಳೆಸಿದವು.

ಹಂದಿಯ ಜೆಲಾಟಿನ್ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದಾಗ, ಹಂದಿಯಿಂದ ತೆಗೆದ ಜೆಲಾಟಿನನ್ನು ಆಹಾರದಲ್ಲಿ ಬಳಸುವುದು ಮುಸ್ಲಿಮರಿಗೆ ಸಲ್ಲದು ಎಂದಿತು. 1995ರಲ್ಲಿ ಕುವೈತ್‌ನಲ್ಲಿ ಇಸ್ಲಾಮಿಕ್ ವೈದ್ಯವಿಜ್ಞಾನ ಸಂಘಟನೆ ಕರೆದ ಗೋಷ್ಠಿ, ಎಲುಬು ಚರ್ಮ ಪೂರ್ತಿ ರೂಪಾಂತರಗೊಂಡು ಬೇರೆಯೇ ವಸ್ತುವಾದರೆ, ಅಂದರೆ ಇಸ್ತಿಹಾಲಾ ಆದರೆ, ಅದು ಶುದ್ಧ ಎಂಬ ನಿಲುವಿಗೆ ಬಂತು. ಬೇರೆ ಮಾರ್ಗ ಇಲ್ಲದ ಅನಿವಾರ್ಯತೆಯ ನಿಯಮ ಇವೆರಡರ ಹೊರಗೆ ಪ್ರತ್ಯೇಕವಾಗಿ ಇದ್ದೇ ಇದೆ. ತಿನ್ನುವುದು, ಚರ್ಮದ ಮೇಲೆ ಹಚ್ಚುವುದು, ದೇಹದೊಳಗೆ ಬಿಡುವುದು ಒಂದೇ ಅಲ್ಲ ಎಂಬುದನ್ನೂ ಆಲಿಮರು ಗಮನಿಸುತ್ತಾರೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಆದರೆ ನೀವು ಆಲಿಮರ ಬಳಿ ಹೋಗುವಾಗ "ಕೊಲಾಜೆನ್ ಹಲಾಲೇ?" ಎಂದು ಕೇಳಿದರೆ ಅವರಾದರೂ ಏನು ಹೇಳಿಯಾರು? ಯಾವ ಪ್ರಾಣಿಯದ್ದು, ಮೇಲೆ ಹಚ್ಚುವುದೋ ಒಳಗೆ ಉಳಿಯುವುದೋ, ಬದಲಿ ಇದೆಯೇ, ತಡ ಮಾಡಿದರೆ ಏನಾಗುತ್ತದೆ, ಈ ನಾಲ್ಕನ್ನು ವೈದ್ಯರಿಂದ ಬರೆಸಿಕೊಂಡು ಹೋಗಿ. ಬದಲಿ ಬಹಳ ಸಲ ಇದ್ದೇ ಇರುತ್ತದೆ. ಕೀವಿಲ್ಲದೆ ನೀರು ಹೆಚ್ಚು ಸೋರುವ ಹುಣ್ಣಿಗೆ ಕ್ಯಾಲ್ಸಿಯಂ ಆಲ್ಜಿನೇಟ್ ಪಟ್ಟಿ ಒಳ್ಳೆಯದು, ಗಾಯದ ನೀರು ತಾಗಿದೊಡನೆ ಅದೇ ಜೆಲ್ ಆಗುತ್ತದೆ. ಒಣಗಿದ ಹುಣ್ಣಿಗೆ ನೀರು ಕೊಡುವ ಸಾದಾ ಹೈಡ್ರೋಜೆಲ್ ಬೇಕು. ಯಾವುದು ಯಾವುದಕ್ಕೆ ಎಂಬುದನ್ನು ಗಾಯ ನೋಡಿದ ವೈದ್ಯರೇ ಹೇಳಬೇಕು. ಉತ್ತರ ಬರುವವರೆಗೆ ಹಾಕಿದ್ದನ್ನು ಕೀಳಬೇಡಿ. ಕಿತ್ತರೆ ಅದರೊಳಗೆ ಆಗಷ್ಟೇ ಕಾಲೂರಿದ ಕೋಶಗಳೂ ಕಿತ್ತುಬರುತ್ತವೆ.

ಮನೆಯ ಲುಆಬನ್ನೇ ಗಾಯಕ್ಕೆ ಹಚ್ಚಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ಇಸಬ್ಗೋಲ್, ಸಬ್ಜಾ, ಲೋಳೆಸರ ಯಾವುದೂ ತೆರೆದ ಆಳದ ಹುಣ್ಣಿಗೆ ಅಲ್ಲ. ಆಸ್ಪತ್ರೆಯ ಜೆಲ್ ಕ್ರಿಮಿಮುಕ್ತವಾಗಿರುತ್ತದೆ, ನಿಮ್ಮ ಬಟ್ಟಲಿನ ಲೋಳೆ ಕ್ರಿಮಿಗಳಿಗೆ ಹಬ್ಬದೂಟ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ವುಝೂ ವಿಷಯ ಹೆಚ್ಚು ಜನ ಕೇಳುತ್ತಾರೆ. ಜೆಲ್ ಹಾಕಿ ಕಟ್ಟಿದ ಬ್ಯಾಂಡೇಜನ್ನು ದಿನಕ್ಕೆ ಐದು ಸಲ ಬಿಚ್ಚಿದರೆ ಗಾಯ ಮಾಯುವ ಆಸೆ ಬಿಡಬೇಕು. ನೀರು ತಾಗಿದರೆ ಹಾನಿಯಾಗುವ ಗಾಯದ ಕಟ್ಟಿನ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡುವ ರಿಯಾಯಿತಿ ಶರೀಅತ್‌ನಲ್ಲಿದೆ. ವಿವರವನ್ನು ನಿಮ್ಮ ಇಮಾಮರಲ್ಲಿ ಕೇಳಿ. ವೈದ್ಯನಾಗಿ ನನ್ನದು ಇಷ್ಟೇ: ಕಟ್ಟು ನೆನೆಯಬಾರದು, ಅಂಚಿನಿಂದ ನೀರು ಒಳಗಿಳಿಯಬಾರದು. ಉಳಿದ ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ.

ನಮಾಝ್‌ನಲ್ಲಿ ಅತ್ತಹಿಯ್ಯಾತ್‌ಗೆ ಕೂರುವಾಗ ಬಲಗಾಲಿನ ಬೆರಳು ಮಡಚಿ ಅದರ ಬುಡದ ಮೇಲೆ ಭಾರ ಬೀಳುತ್ತದೆ. ಸಕ್ಕರೆ ಕಾಯಿಲೆಯವರ ಹುಣ್ಣು ಬಹಳ ಸಲ ಆಗುವುದೂ ಅಲ್ಲೇ. ನೋವು ಗೊತ್ತಾಗದ ಕಾರಣ ಅವರು ಹಾಗೆಯೇ ಕೂರುತ್ತಾರೆ. ಎಂಥ ಬೆಲೆಬಾಳುವ ಜೆಲ್ ಹಾಕಿದರೂ ದಿನವೂ ಜಜ್ಜಿದರೆ ಅದು ಕೆಲಸ ಮಾಡದು. ಹುಣ್ಣು ಮಾಯುವವರೆಗೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲಿ, ನಡೆಯುವಾಗ ಆ ಜಾಗಕ್ಕೆ ಭಾರ ಬೀಳದಂಥ ಚಪ್ಪಲಿಯನ್ನು ವೈದ್ಯರಿಂದ ಬರೆಸಿಕೊಳ್ಳಲಿ.

ಜೆಲ್ ಹಾಕಿದ ಗಾಯ ವಾಸನೆ ಬಂದರೆ, ಸುತ್ತ ಕೆಂಪಗಾಗಿ ಬಿಸಿಯಾದರೆ, ಜ್ವರ ಬಂದರೆ, ಬೆರಳು ಕಪ್ಪಾದರೆ ಮುಂದಿನ ಡ್ರೆಸಿಂಗ್ ದಿನಕ್ಕೆ ಕಾಯಬೇಡಿ, ಅದೇ ದಿನ ಹೋಗಿ. ಹೋಗುವಾಗ ಹಾಳೆಯ ಖಾಲಿ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.